ಮುಳ್ಳು ನಿಲ್ಲುವವರೆಗೆ

"ಗಂಡಸರು ಯಾರೂ ಇಲ್ಲೇನ್ರಿ?"

ರಾಣೆಬೆನ್ನೂರಿನ ಹೈವೇ ಪಕ್ಕದ ಗ್ಯಾರೇಜಿನಲ್ಲಿ ಬಾನೆಟ್ಟಿನೊಳಗೆ ತಲೆ ಹಾಕಿದ್ದ ರೋಷನಬಿ, ಸ್ಪ್ಯಾನರ್ ಹಿಡಿದೇ ಎದ್ದು ನಿಂತಳು.

"ಅದಾರ. ಒಳಗ ಚಾ ಕುಡ್ಯಾಕತ್ಯಾರ. ನಿಮಗ ಗಾಡಿ ರಿಪೇರಿ ಆಗ್ಬೇಕೋ, ಗಂಡಸರು ಬೇಕೋ?"

ಬ್ಯಾಡಗಿಯವನೆಂದು ಅವನು ಹೇಳುವ ಮೊದಲೇ ಮೆಣಸಿನಕಾಯಿಯಂತೆ ಕೆಂಪಾದ ಮುಖ ಊರು ಹೇಳಿತು.

"ಗಾಡಿನರಿ..."

ಅವನು ಮೆಹಬೂಬ. ಮೆಣಸಿನಕಾಯಿ ವ್ಯಾಪಾರಿ ಗಿರಿಯಪ್ಪ ಸಾಹುಕಾರರ ಡ್ರೈವರ. ಪೇಟೆಯ ಘಾಟಿಗೆ ಕಾರಿನ ಗಾಜು ಇಳಿಸುವಂತಿರಲಿಲ್ಲ, ಏ.ಸಿ. ಕೆಟ್ಟರೆ ಸಾಹುಕಾರರು ಒಳಗೇ ಬೇಯುತ್ತಿದ್ದರು. ತೊಂಬತ್ತರ ದಶಕದ ಆ ಮೊದಲ ವರ್ಷಗಳಲ್ಲಿ ಈ ಸುತ್ತಿನಲ್ಲಿ ಕಾರಿನ ಏ.ಸಿ. ಬಲ್ಲವರೆಂದರೆ ರೋಷನಬಿಯ ತಂದೆ ಇಸ್ಮಾಯಿಲಸಾಬರು. ಸೌದಿಯಲ್ಲಿ ಕಲಿತು ಬಂದಿದ್ದರು. ಈಗ ಕಣ್ಣಿಗೆ ಪೊರೆ. ಮೀಟರಿನ ಮುಳ್ಳನ್ನು ಮಗಳೇ ನೋಡಬೇಕು.

ತಾಯಿ ತೀರಿಕೊಂಡ ಮೇಲೆ ಆ ಮನೆಯಲ್ಲಿ ಮನಬಿಚ್ಚಿ ಮಾತಾಡುತ್ತಿದ್ದುದು ರೇಡಿಯೋ ಮಾತ್ರ.

ಹಳೆಯ ಜಾಯಿಂಟನ್ನು ಬಿಗಿ ಮಾಡಿ, ಪೈಪು ಜೋಡಿಸಿ, ರೋಷನಬಿ ಪಂಪು ಚಾಲೂ ಮಾಡಿದಳು. ಒಳಗಿನ ಗಾಳಿಯನ್ನೆಲ್ಲ ಎಳೆಸಿ, ವಾಲ್ವು ಮುಚ್ಚಿ, ಮೀಟರಿನ ಮುಂದೆ ಕೂತಳು.

"ಈಗೇನು ಮಾಡೂದ್ರಿ?"

"ಕಾಯೂದು. ಮುಳ್ಳು ಇದ್ದಲ್ಲೇ ನಿಂತ್ರ ಚಲೋ. ಪೂರ್ತಿ ವಾಪಸ್ ಬಂದ್ರ ಲೀಕು. ಒಂಚೂರು ಬಂದು ನಿಂತ್ರ ಒಳಗ ಹಸಿ ಐತಿ ಅಂತ. ಮತ್ತಷ್ಟು ಹೊತ್ತು ಪಂಪು ಬಿಟ್ರ ಆರ್ತೈತಿ."

"ನಮ್ಮ ಪ್ಯಾಟ್ಯಾಗ ಕಾಯಿ ಹಸಿ ಇದ್ರ ಯಾರೂ ಮುಟ್ಟಂಗಿಲ್ಲರಿ."

"ನಾವು ಮುಟ್ತೇವಿ."

ಅಂದುಬಿಟ್ಟ ಮೇಲೆ ನಾಚಿಕೆಯಾಗಿ ಮುಳ್ಳನ್ನೇ ದಿಟ್ಟಿಸಿದಳು. ಪುಣ್ಯಕ್ಕೆ ಅದು ಅಲ್ಲಾಡಲಿಲ್ಲ.

ಕೆಲವೇ ವಾರಗಳಲ್ಲಿ ಅವನು ಮತ್ತೆ ಬಂದ. ಏ.ಸಿ. ಪೈಪಿನ ಒಂದು ನಟ್ಟು ಸಡಿಲಾಗಿತ್ತು.

"ಮೋಟೆಬೆನ್ನೂರಿನ ಹಂತ್ಯಾಕ ರಸ್ತಾ ಭಾಳ ಕುಲುಕ್ತೈತ್ರಿ," ಎಂದ, ಎಲ್ಲೋ ನೋಡುತ್ತ.

ಮತ್ತೆ ಇಬ್ಬರೂ ಮುಳ್ಳಿನ ಮುಂದೆ ಕೂತರು, ಅವನು ಅವಳು ಎಳೆದುಕೊಟ್ಟ ಸ್ಟೂಲಿನ ಮೇಲೆ. 'ಏನೂ ಕೇಳದೆ ನನ್ನ ಜೊತೆ ಸುಮ್ಮನೆ ಕೂರುವವರು ಇನ್ಯಾರಿದ್ದಾರೆ...' ಎಂದುಕೊಂಡಳು ರೋಷನಬಿ. ಅವನು ಹೋದ ಮೇಲೆ ಆ ಖಾಲಿ ಸ್ಟೂಲನ್ನು ಅಲ್ಲಿಂದ ಎತ್ತಿಡಲು ಅವಳಿಗೆ ಮನಸ್ಸಾಗಲಿಲ್ಲ.

ಮೂರನೆಯ ಸಲ ಮೆಣಸಿನ ದೂಳು ತುಂಬಿದ ಏ.ಸಿ. ಕಾಯಿಲ್ ತೊಳೆಸಲು ಬಂದ. ತೊಳೆದು, ಜೋಡಿಸಿ, ಗಾಳಿ ಎಳೆಸಿದರೆ ಮುಳ್ಳು ನಿಲ್ಲಲೊಲ್ಲದು! ಎಲ್ಲ ನಟ್ಟು ಬಿಗಿದಳು. ಮತ್ತೆ ಬಿಗಿದಳು. ಮುಳ್ಳು ಮೆಲ್ಲಗೆ ವಾಪಸು ಬರುತ್ತಲೇ ಇತ್ತು.

ಪಕ್ಕದ ಟೈರ್ ಅಂಗಡಿಯ ಗುಡ್ಡಪ್ಪ ನಕ್ಕ. "ಏನವಾ ರೋಷನಬೀ, ಇವನ ಗಾಡಿ ಬರೇ ನಿಮ್ಮ ಅಂಗಳದಾಗ ಕೆಡ್ತೈತಲ್ಲ?"

ಸುತ್ತಲಿದ್ದವರೂ ನಕ್ಕರು. ಅವಳ ಕಿವಿ ಬಿಸಿಯಾಯಿತು.

"ಬರಾಕ ನೆವ ಬೇಕಂತ ಸಾಹುಕಾರ್ರ ಗಾಡಿ ಕೆಡಸ್ತೀರೇನು?" ಎಲ್ಲರಿಗೂ ಕೇಳುವಂತೆ ಮೆಹಬೂಬನಿಗೆ ಅಂದಳು. "ನಾಚ್ಕಿ ಬರಂಗಿಲ್ಲ?"

ಅವನು ಪೈಪು ಕಳಚಿ ಅವಳ ಕೈಗಿಟ್ಟು ಹೊರಟುಹೋದ.

ಗುಡ್ಡಪ್ಪನ ಬಾಯಿಗೆ ಬಿದ್ದ ಆ ಮಾತು ಬಸ್ಸಿಗಿಂತ ಮೊದಲೇ ಬ್ಯಾಡಗಿ ಮುಟ್ಟಿತು. ಸಾಹುಕಾರರು ಮೆಹಬೂಬನಿಂದ ಕಾರಿನ ಕೀಲಿ ಕಸಿದುಕೊಂಡರಂತೆ. ಈಗ ಅಂಗಡಿಯಲ್ಲಿ ಚೀಲ ಹೊಲಿಯುತ್ತಾನಂತೆ. ಕೇಳಿದ ದಿನ ರೋಷನಬಿಗೆ ಊಟ ಸೇರಲಿಲ್ಲ. 'ತಪ್ಪು ಅವರದೇ ಅಲ್ಲವೇ?' ಎಂದು ತನಗೇ ಹೇಳಿಕೊಂಡಳು. ಒಪ್ಪಲು ಎದುರಿಗೆ ಯಾರೂ ಇರಲಿಲ್ಲ.

ಆಮೇಲೆ ಗುತ್ತಲದ ಡಾಕ್ಟರ ಕಾರು ಬಂತು. ಅದರಲ್ಲೂ ಮುಳ್ಳು ಹಾಗೇ ಹಿಂದೆ ಬಂತು!

"ಬೇಟಿ, ನಮ್ಮ ಪಂಪಿನ ಪೈಪು ನೋಡಿದೇನು?" ಇಸ್ಮಾಯಿಲಸಾಬರು ಪೈಪಿನ ಬಾಯೊಳಗೆ ಬೆರಳಾಡಿಸಿದರು. "ವಾಷರ್ ಸೀಳೈತಿ. ಮೊದಲ ನಮ್ಮದು ನೋಡ್ಕೋಬೇಕು, ಆಮ್ಯಾಲೆ ಮಂದೀದು."

"ಅಬ್ಬಾ... ಹಂಗಾರ ಅವರ ಗಾಡ್ಯಾಗ ಲೀಕ್ ಇರಲಿಲ್ಲಾ?"

ತಂದೆ ಸೀಳಿದ ವಾಷರನ್ನು ಅವಳ ಅಂಗೈಗೆ ಹಾಕಿದರು.

ಮರುದಿನ ರೋಷನಬಿ ಬ್ಯಾಡಗಿಯ ಬಸ್ಸು ಹತ್ತಿದಳು. ಗ್ಯಾರೇಜಿನ ಹೆಸರು ಹೋದರೆ ಹೋಗಲಿ! ಸೀನುತ್ತ, ಕೆಮ್ಮುತ್ತ ಗಿರಿಯಪ್ಪ ಸಾಹುಕಾರರ ಅಂಗಡಿ ಹುಡುಕಿದಳು. ವಾಷರನ್ನು ಅವರ ಮುಂದಿಟ್ಟಳು.

"ತಪ್ಪು ನಮ್ಮ ಪೈಪಿಂದರಿ. ಅವರು ಗಾಡಿ ಮುಟ್ಟಿಲ್ಲ. ಖರೇನ ಹೇಳ್ತೇನಿ, ದೇವರಾಣೆ!"

ಸಾಹುಕಾರರು ವಾಷರನ್ನು ಮೆಣಸಿನಕಾಯಿಯ ಹಾಗೆ ತಿರುಗಿಸಿ ನೋಡಿದರು. "ಇಷ್ಟು ದೂರ ಬಂದು ತನ್ನ ತಪ್ಪು ಹೇಳಾಕಿನ್ನ ನಾ ನೋಡಿಲ್ಲ ಬಿಡವಾ. ಏ ಮೆಹಬೂಬ! ಕೀಲಿ ತಗೋ. ಈಕಿನ್ನ ಬಸ್ ಸ್ಟ್ಯಾಂಡಿಗೆ ಬಿಟ್ಟು ಬಾ."

ಕಾರಿನ ಬಳಿ ಬಂದರೂ ಅವನು ಬಾಗಿಲು ತೆಗೆಯದೆ ನಿಂತ.

"ಒಂದು ಮಾತ್ರಿ... ಎರಡನೇ ಸಲ ಆ ನಟ್ಟು ಸಡ್ಲ ಮಾಡಿದಾಂವ ನಾನ."

"ಹಾಂ? ಈಗಿನ್ನ ದೇವರಾಣೆ ಮಾಡಿ ಬಂದೇನಲ್ರಿ!"

"ಏನ್ ಮಾಡ್ಲಿರಿ? ಗಾಡಿ ಚಲೋ ಇದ್ರ ನಿಮ್ಮ ಹಂತ್ಯಾಕ ಹೆಂಗ ಬರೂದು? ಅದಕ್ಕ ಅವತ್ತು ನೀವು ಬೈದಾಗ ಬಾಯಿ ಬರಲಿಲ್ಲ."

ಅವಳಿಗೆ ನಗು ಬಂತು. ನಗುವಿನ ಹಿಂದೆಯೇ ಕಣ್ಣೂ ತುಂಬಿತು.

"ಘಾಟೇನ್ರಿ?" ಗಾಬರಿಯಾಗಿ ಕೇಳಿದ.

"ಅಲ್ಲ. ಹಸಿ."

ಮೆಹಬೂಬ ಕೀಲಿಯನ್ನು ಜೇಬಿಗೆ ಹಾಕಿಕೊಂಡು, ಅವಳ ಪಕ್ಕಕ್ಕೆ ಬಂದು ನಿಂತ.

"ಆರಲಿ ತಗೋರಿ. ನಾ ಕಾಯ್ತೇನಿ."

"ಭಾಳ ಹೊತ್ತು ಹಿಡಿತೈತಿ..."

"ಹಿಡೀಲಿ. ಈ ಸಲ ನೆವ ಇಲ್ಲದ ಬಂದು ಕುಂದ್ರತೇನಿ. ನಿಮ್ಮ ಅಬ್ಬಾನ್ನ ಕೇಳಾಕ."

ರೋಷನಬಿ ಕಣ್ಣೊರೆಸಿಕೊಂಡಳು.

"ಬರ್ರಿ. ನಿಮ್ಮ ಸ್ಟೂಲು ಅಲ್ಲೇ ಐತಿ."