ಕಲ್ಲರಗಿನ ಕಲೆ

ಶಂಖಪುರದ ಹಡಗುಕಟ್ಟೆಯಲ್ಲಿ ಅಂದು ಮುಂಜಾನೆಯಿಂದಲೇ ನೂರಾರು ಬಡಗಿಗಳು ರಾಜನೌಕೆಗಳ ಸಂದುಗಳಿಗೆ ಪರದೇಶದ ಅರಗು ಬಳಿಯುತ್ತಿದ್ದರು. ಅದರ ಕಟುವಾದ ಹೊಗೆ ಕೋಟೆಯ ಗೋಡೆಯೇರಿ, ಪನ್ನೀರು ಚಿಮುಕಿಸಿದ ಆಸ್ಥಾನಮಂಟಪಕ್ಕೂ ನುಸುಳಿತ್ತು. ಆ ವಾಸನೆ ಬಂದಾಗಲೆಲ್ಲ ಶಿಲಾಪರೀಕ್ಷಕ ನಾಗದೇವಯ್ಯನ ತಲೆ ತಗ್ಗುತ್ತಿತ್ತು.

ಸಿಂಹಾಸನದೆದುರು ಕೈಕಟ್ಟಿ ನಿಂತಿದ್ದವನು ಅವನ ಶಿಷ್ಯ ಬೊಪ್ಪಯ್ಯ. ಮೂರು ವರ್ಷ ಘಟ್ಟದ ಹಳ್ಳಗಳನ್ನು ಜಾಲಾಡಿ, ಬಂಡೆಗಳನ್ನು ಕೆರೆದು ಮೂಸಿ ನೋಡಿ, ಕೊನೆಗೊಂದು ಬಿರುಕಿನಲ್ಲಿ ಜಿನುಗಿ ಹೆಪ್ಪುಗಟ್ಟಿದ ಕಪ್ಪು ಕಲ್ಲರಗನ್ನು ಅಗೆದು ತಂದಿದ್ದ. ಇನ್ನು ಪರದೇಶದ ಅರಗೇ ಬೇಡವೆಂದು ಅರಿಕೆ ಮಾಡಿಕೊಂಡಿದ್ದ. ಆ ಅರಗಿನ ವ್ಯಾಪಾರವೆಲ್ಲ ದಂಡನಾಯಕ ಕಾಚರಸನ ಭಾವಮೈದುನನದು. "ಪರೀಕ್ಷೆಗೆ ಬೇರೆ ಕಲ್ಲಿಡಿ, ನಿಮ್ಮ ಅಳಿಯನಿಗೆ ಗಡಿಕೋಟೆಯ ಅಧಿಕಾರ ಕೊಡಿಸುವ ಹೊಣೆ ನನ್ನದು" ಎಂದಿದ್ದ ಕಾಚರಸ. ನಾಗದೇವಯ್ಯ ಇಲ್ಲವೆನ್ನಲಿಲ್ಲ. ನಿಜವಾದ ಅರಗಿನ ಉಂಡೆ ಈಗ ಅವನ ನಡುವಿನಲ್ಲಿ, ಧೋತ್ರದ ಮಡಿಕೆಯೊಳಗಿತ್ತು.

ಪರೀಕ್ಷೆಗೆಂದು ಕೆಂಡದ ಮೇಲಿಟ್ಟ ಕಲ್ಲು ಅರಗಿನಂತೆ ಕರಗಲಿಲ್ಲ, ಹೊಗೆಯಾಡಲೂ ಇಲ್ಲ.

"ಏನಯ್ಯಾ, ಇದನ್ನು ಹಡಗಿಗೆ ಬಳಿಯುವುದೋ, ಲಂಗರು ಮಾಡಿ ಇಳಿಬಿಡುವುದೋ?" ಎಂದ ಕಾಚರಸ. ಸಭೆ ನಕ್ಕಿತು.

ಮಹಾರಾಜರು ನಗಲಿಲ್ಲ. "ಆಸ್ಥಾನಕ್ಕೆ ಸುಳ್ಳು ಒಪ್ಪಿಸಿದ ಕೈಯನ್ನು ಕಡಿಯುವುದು ನಮ್ಮಲ್ಲಿ ಪದ್ಧತಿ. ಹೇಳುವುದೇನಾದರೂ ಇದೆಯೇ?"

ಬೊಪ್ಪಯ್ಯ ಗುರುವಿನತ್ತ ತಿರುಗಿದ. ಅವನ ದೃಷ್ಟಿ ಗುರುವಿನ ಮುಖದಿಂದ ಜಾರಿ ನಡುವಿನಲ್ಲಿ ನಿಂತಿತು. ನಾಗದೇವಯ್ಯನೂ ಬಗ್ಗಿ ನೋಡಿಕೊಂಡ. ಮೈಯ ಕಾವಿಗೆ ಅರಗು ಮೆತ್ತಗಾಗಿ, ಬಿಳಿಯ ಧೋತ್ರದ ಮೇಲೆ ಅಂಗೈಯಗಲ ಕಪ್ಪು ಕಲೆ ಮೂಡಿತ್ತು.

ಆ ಕಲೆಯ ಬಗ್ಗೆ ಶಿಷ್ಯ ಒಂದು ಮಾತಾಡಿದ್ದರೆ ಸಾಕಿತ್ತು.

"ಕಲ್ಲು ಗುರುತಿಸುವುದನ್ನು ಗುರುಗಳು ಸರಿಯಾಗಿಯೇ ಕಲಿಸಿದ್ದರು, ಪ್ರಭು," ಎಂದ ಬೊಪ್ಪಯ್ಯ ಮೆಲ್ಲಗೆ. "ತಪ್ಪಿದವನು ನಾನು." ಬಲಗೈ ಚಾಚಿದ.

ಆ ಕೈಗೆ ಉಳಿ ಹಿಡಿಯಲು ಕಲಿಸಿದವನು ನಾಗದೇವಯ್ಯನೇ. ಭೂಮಿ ಬಾಯ್ಬಿಟ್ಟು ತನ್ನನ್ನು ನುಂಗಬಾರದೇ ಅನಿಸಿತು. ಮುಂದೆ ಬಂದು, ಮಡಿಕೆ ಬಿಚ್ಚಿ, ಉಂಡೆಯನ್ನು ಕೆಂಡಕ್ಕೆ ಹಾಕಿದ. ಅದು ಕರಗಿ ಹರಿದು ಹೊತ್ತಿಕೊಂಡಿತು. ಹಡಗುಕಟ್ಟೆಯ ಅದೇ ಕಟುವಾಸನೆ ಮಂಟಪವನ್ನು ತುಂಬಿತು.

"ಇವನು ತಂದ ಅರಗು ಇದು, ಪ್ರಭು. ಬಚ್ಚಿಟ್ಟವನು ನಾನು. ದಂಡನಾಯಕರು ಕೇಳಿದರು, ಅಳಿಯನ ಅಧಿಕಾರದಾಸೆಗೆ ನಾನು ಒಪ್ಪಿದೆ."

ಕಾಚರಸನ ಸುತ್ತ ಕಾವಲಿನವರು ನೆರೆದರು. ನಾಗದೇವಯ್ಯ ಬಲಗೈಯನ್ನು ಕೈಕಡಿಯುವ ಕೊರಡಿನ ಮೇಲಿಟ್ಟ.

"ಬೇಡ, ಗುರುಗಳೇ."

"ಸುಮ್ಮನಿರಪ್ಪ. ನಿನಗೊಂದು ನನಗೊಂದು ಪದ್ಧತಿ ಇಲ್ಲ."

ಮಳೆಗಾಲ ಕಳೆದು ರಾಜನೌಕೆಗಳು ಬೊಪ್ಪಯ್ಯನ ಕಲ್ಲರಗು ಬಳಿದುಕೊಂಡು ಕಡಲಿಗಿಳಿದವು. ಕಟ್ಟೆಯ ಮೇಲೆ ಮುದುಕನೊಬ್ಬ ಎಡಗೈಯಿಂದ ಅರಗಿನ ಕೊಪ್ಪರಿಗೆ ಕಲಕುತ್ತಿದ್ದ. ಬೊಪ್ಪಯ್ಯನ ಗುರುಗಳೆಂದು ಬಡಗಿಗಳು ಕೈಮುಗಿದರೆ ಮುಖ ತಿರುಗಿಸಿಕೊಳ್ಳುತ್ತಿದ್ದ. ಶಿಷ್ಯ ಹೊಸ ಧೋತ್ರ ತಂದುಕೊಟ್ಟರೂ ಮುಟ್ಟಲಿಲ್ಲ. ಕಲೆಯಾದ ಅದೊಂದನ್ನೇ ಒಗೆದೊಗೆದು ಉಡುತ್ತಿದ್ದ.