ಮಾತು ತುಂಡಾಗದಷ್ಟು ವೇಗ

"ನಿಲ್ಲೇ, ಅರ್ಪಿತಾ!"

ನಾಲೆ ಏರಿಯ ಮೇಲೆ ಗಂಡ ತಿಮ್ಮೇಶನ ಬೈಕು ಅಡ್ಡ ಬಂದು ನಿಂತಿತು. ಅರ್ಪಿತ ಬೆಚ್ಚಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು. ಐದು ತಿಂಗಳ ಬಸುರಿ. ಕಾಲಲ್ಲಿ ಕಾಲೇಜಿನಲ್ಲಿ ಓಡುತ್ತಿದ್ದಾಗಿನ ಹಳೇ ಬೂಟು.

"ಓಡ್ತಿದ್ದಾ?"

"ನಡೀತಿದ್ದೆ ಕಣ್ರೀ..."

"ಕಳೆದ್ವರ್ಸ ಆಗಿದ್ದು ಮರ್ತೋಯ್ತಾ?"

ಆ ಮಾತು ಎದೆಗೆ ನಾಟಿತು. ಕಳೆದ ವರ್ಷ ಮೂರನೇ ತಿಂಗಳಲ್ಲೇ ಕೂಸು ಕೈತಪ್ಪಿತ್ತು. ಆಗಲೂ ಅವಳು ದಿನಾ ಓಡುತ್ತಿದ್ದಳು.

'ಅಂದ್ರೆ... ನಾನೇ ಕಳೆದೆ ಅಂತ ಇವರ ಮನಸ್ಸಲ್ಲಿ! ಅದಕ್ಕೇ ಈ ಸಲವೂ ಮೂರು ತುಂಬಿದ್ಮೇಲೆ, ಎರಡು ತಿಂಗಳಿಂದ ಮುಖ ಕೊಟ್ಟು ಮಾತಾಡ್ತಿಲ್ಲ!'

ಮನೆ ಮುಂದೆ ಅತ್ತೆ ಸಿದ್ದಲಿಂಗಮ್ಮ ಕಾದಿದ್ದಳು. "ಇವ್ಳೇನ್ ಕುದ್ರೆನಾ, ಬೆಳಗಾದ್ರೆ ಬುಟ್ಟು ಓಡ್ಸಕ್ಕೆ? ಬಸ್ರಿ ಎಂಗ್ಸು ಮನೇಲ್ ಕೂತ್ಕಬೇಕು ಕಣವ್ವಾ."

ತಿಮ್ಮೇಶನನ್ನು ಹೊತ್ತಿದ್ದಾಗ ಒಂಬತ್ತನೇ ತಿಂಗಳಲ್ಲೂ ಗದ್ದೆಗಿಳಿದು ನಾಟಿ ಮಾಡಿದ್ದನ್ನು ಆಕೆ ಮರೆತಿದ್ದಳು.

ಅರ್ಪಿತ ಗಂಡನತ್ತ ತಿರುಗಿದಳು. "ಈಗ್ಲೇ ಪಾಂಡವಪುರದ ಆಸ್ಪತ್ರೆಗೆ ನಡೀರಿ. ಡಾಕ್ಟ್ರು ನನ್ ತಪ್ಪು ಅಂದ್ರೆ ಕದ್ಲದೆ ಕೂತ್ಕತೀನಿ. ಅಲ್ಲ ಅಂದ್ರೆ ಅಲ್ಲಿಂದ್ಲೇ ಅಕ್ಕಿಹೆಬ್ಬಾಳಿಗೆ, ನಮ್ಮಮ್ಮನ ಮನೆಗೆ ಹೋಗ್ಬುಡ್ತೀನಿ. ಮಾಡ್ದಿರೋ ತಪ್ಪು ಹೊತ್ಕೊಂಡು ನಿಮ್ ಜೊತೆ ಬದುಕಕ್ಕಾಗಲ್ಲ!"

ತಿಮ್ಮೇಶ ಬೈಕಿನ ಕೀ ಜೇಬಿಗಿಳಿಸಿದ. "ಬೈಕ್ ಬ್ಯಾಡ. ಬಸ್ಸಲ್ಲಿ ಓಗುವ" ಅಂದ, ಅಷ್ಟೇ.

ಡಾಕ್ಟರ್ ಸುಮೇಧಾ ಹಳೆಯ ಚೀಟಿಗಳನ್ನು ತಿರುವಿ ನೋಡಿದರು. "ಓಟದಿಂದ ಹೋದದ್ದಲ್ಲ. ಪಿಂಡವೇ ಬೆಳೆದಿರಲಿಲ್ಲ. ಅವತ್ತೇ ಹೇಳಿದ್ದೆ, ನೀವಿಬ್ಬರೂ ಕೇಳಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ."

ಅರ್ಪಿತ ಗೆದ್ದಿದ್ದಳು. ಅಮ್ಮನ ಮನೆಗೆ ಹೊರಡಲು ಎದ್ದು ನಿಂತಳು.

"ಓಟದ್ ಮಾತಲ್ಲ ಡಾಕ್ಟ್ರೇ..." ಅಂದ ತಿಮ್ಮೇಶ. "ಅವಾಗ ಚಿನಕುರಳಿಯಿಂದ ಬೈಕಲ್ಲಿ ಬರೋವಾಗ ಜಲ್ಲಿ ಲಾರಿ ಓಡಾಡೋ ಗುಂಡಿ ರೋಡು. ಇವ್ಳು ಮೆಲ್ಲುಗ್ ಓಡ್ಸಿ ಅಂದ್ಲು. ನಾ ಕೇಳ್ನಿಲ್ಲ. ಅದಾದ್ ಮೂರ್ ದಿನಕ್ಕೇ... ನನ್ನಿಂದ್ಲೇ ಅಲ್ವಾ?"

ಅರ್ಪಿತ ಮತ್ತೆ ಕುರ್ಚಿಯಲ್ಲಿ ಕೂತಳು.

"ಬೈಕಿನಿಂದಲೂ ಅಲ್ಲಪ್ಪ. ಯಾರಿಂದಲೂ ಅಲ್ಲ."

ಅವನು ಟವೆಲಿನಲ್ಲಿ ಮುಖ ಮುಚ್ಚಿಕೊಂಡ.

"ಅರ್ಪಿತ, ಈ ಸಲ ಎಲ್ಲ ಸರಿಯಿದೆ. ನಿನಗೆ ಅಭ್ಯಾಸವೂ ಇದೆ, ದಿನಾ ನಡಿ. ನೋವು, ರಕ್ತ, ತಲೆಸುತ್ತು ಕಂಡರೆ ನಿಲ್ಲಿಸಿ ತಕ್ಷಣ ಬಾ. ನಡೆಯುವಾಗ ಮಾತಾಡೋಕಾಗಬೇಕು. ಮಾತು ತುಂಡಾದರೆ ವೇಗ ಹೆಚ್ಚಾಯಿತು ಅಂತ."

"ಯಾರ್ ಜೊತೆ ಮಾತಾಡ್ಲಿ ಡಾಕ್ಟ್ರೇ?"

ಸುಮೇಧಾ ತಿಮ್ಮೇಶನನ್ನು ನೋಡಿದರು.

ಹೊರಗೆ ಬಸ್‌ಸ್ಟ್ಯಾಂಡಿನಲ್ಲಿ ಅಕ್ಕಿಹೆಬ್ಬಾಳಿನ ಕಡೆ ಹೋಗುವ ಕೆ.ಆರ್.ಪೇಟೆ ಬಸ್ಸು ಗುರುಗುಡುತ್ತಿತ್ತು. ಕಂಡಕ್ಟರು ಕೂಗಿದ, "ಬರ್ತೀರೇನಕ್ಕಾ?"

ಅರ್ಪಿತ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ತಿರುಗಿದಳು. "ಯಾಕ್ ಹೇಳ್ನಿಲ್ಲ ನಂಗೆ?"

"ಎದ್ರಿಕೆ ಕಣೇ. ನಿನ್ ಮುಖ ನೋಡ್ದಾಗೆಲ್ಲ ಬಾಯಿಗ್ ಬಂದ್ಬುಡೋದು. ಹೇಳುದ್ರೆ ನೀನು ಬುಟ್ಟೋಯ್ತೀಯ ಅಂತ..."

"ಹೇಳ್ದೆ ಇದ್ದಿದ್ಕೇ ಬುಟ್ಟೋಗ್ತಿದ್ದೆ, ಪೆದ್ದಪ್ಪ!"

ಅವಳು ಕಾಲು ಇಳಿಸಿದಳು. ಬಸ್ಸು ಹೊರಟುಹೋಯಿತು.

ಊರ ಬಸ್ಸು ಹಿಡಿದು ಇಳಿದು, ಇಬ್ಬರೂ ನಾಲೆ ಏರಿಯ ಮೇಲೆ ನಡೆದರು. 

"ಮಾತಾಡ್ರೀ."

"ಏನ್ ಮಾತಾಡ್ಲಿ?"

"ಎರಡ್ ತಿಂಗ್ಳಿಂದ ನುಂಗ್ಕೊಂಡಿದ್ದೆಲ್ಲ."

"ನೀ ಅಂದ್ರೆ... ನಂಗೆ..." ಅವನು ಟವೆಲಿಗೆ ಕೈಹಾಕಿದ.

ಅರ್ಪಿತ ಅವನ ಕೈ ಹಿಡಿದುಕೊಂಡಳು.

"ನಿಮ್ ಮಾತೇ ತುಂಡಾಯ್ತಾ ಐತೆ. ಮೆಲ್ಲುಗ್ ನಡೀರಿ."