ಒಬ್ಬನೇ ನೇಕಾರನ ಕಟ್ಟಡ

ದೇವೀರಮ್ಮ ಕಳಿಸಿದ ಕಾಗದ ಕನ್ನಡದಲ್ಲಿತ್ತು, ಅದರಲ್ಲಿ ಒಂದೂ ತಪ್ಪಿರಲಿಲ್ಲ. ಶಿವಯ್ಯ ಮೇಷ್ಟ್ರಿಗೆ ಹೆಚ್ಚು ಸಿಟ್ಟು ತರಿಸಿದ್ದು ಅದೇ. ತಪ್ಪಿದ್ದರೆ ಕೆಂಪು ಶಾಯಿಯಲ್ಲಿ ತಿದ್ದಿ ವಾಪಸು ಕಳಿಸಬಹುದಿತ್ತು. ಕೊಳ್ಳೇಗಾಲದ ರೇಷ್ಮೆ ನೇಕಾರರ ಸಂಘಕ್ಕೆ ಈಗ ಆಕೆಯೇ ಅಧ್ಯಕ್ಷೆ. ಸಂಘದ ಕಟ್ಟಡದ ಹಿಂದಿನ ಕೋಣೆಯಲ್ಲಿ ಹೆಣ್ಣುಮಕ್ಕಳಿಗೆ ಬುಟ್ಟಾ ಸೀರೆ ನೇಯುವುದನ್ನು ಕಲಿಸಬೇಕೆಂದಿದ್ದೇವೆ, ತಾವು ದೀಪಾವಳಿಯೊಳಗೆ ತಮ್ಮ ಇಂಗ್ಲಿಷ್ ಟ್ಯುಟೋರಿಯಲ್ ಅನ್ನು ಬೇರೆ ಕಡೆ ಮಾಡಿಕೊಳ್ಳಬೇಕು ಎಂದು ಬರೆಸಿದ್ದಳು.

ಇಪ್ಪತ್ತೆರಡು ವರ್ಷ ಆ ಕೋಣೆಯಲ್ಲಿ ಅವರು ಪಾಠ ಹೇಳಿದ್ದರು. ಮೂರು ಪಕ್ಕದಲ್ಲೂ ಮಗ್ಗಗಳು, ಎಲ್ಲವೂ ಲಟಪಟ ಎನ್ನುತ್ತಲೇ ಇರುತ್ತಿದ್ದವು. ಅವರ ವ್ಯಾಕರಣಕ್ಕಾಗಿ ಒಂದು ದಿನವೂ, ಒಂದು ಗಳಿಗೆಯೂ ಆ ಸದ್ದು ನಿಂತದ್ದನ್ನು ಅವರು ಕೇಳಿರಲಿಲ್ಲ. ಗಂಟಲು ಹರಿದುಕೊಂಡೇ ಕಲಿಸಿದರು. ಈ ಕೋಣೆ ಹೋದರೆ ಹೊನ್ನೂರಿಗೆ ಹೋಗಿ, ತಮ್ಮನ ಮನೆಯ ಜಗಲಿಯ ಮೇಲೆ ಕೂತು, ಒಣಗಲು ಹರವಿದ ಭತ್ತಕ್ಕೆ ಕೋಳಿ ಬಾರದ ಹಾಗೆ ಕಾಯಬೇಕು. ಇಲ್ಲಿ ಅವರು ಮೇಷ್ಟ್ರು. ಅಲ್ಲಿ ಅವರಿಗೆ ಹೆಸರೂ ಇಲ್ಲ, ಕೋಲು ಒಂದು ಇರುತ್ತದೆ.

ಕಟ್ಟಡದ ಮುಂದಿನ ಬೋರ್ಡಿನ ಮೇಲೂ ಅವರಿಗೆ ಹಳೆಯ ಹಗೆಯಿತ್ತು. ಅದರಲ್ಲಿ ಇಂಗ್ಲಿಷಿನಲ್ಲಿ ವೀವರ್ಸ್ ಹಾಲ್ ಎಂದು ಬರೆದಿತ್ತು, ಆದರೆ ಅಪಾಸ್ಟ್ರಫಿ ಇದ್ದದ್ದು ಎಸ್ ಅಕ್ಷರಕ್ಕಿಂತ ಮೊದಲು. ಮಕ್ಕಳು ಅದಕ್ಕೆ ಮೇಲ್ಕಾಮ ಎನ್ನುತ್ತಿದ್ದರು, ಮೇಲೆ ತೂಗುಬಿದ್ದ ಕಾಮಾ ಅಂತ. ಎಸ್‌ಗೆ ಮೊದಲು ಬಿದ್ದರೆ ಕಟ್ಟಡ ಒಬ್ಬನೇ ನೇಕಾರನದು, ಆಮೇಲೆ ಬಿದ್ದರೆ ಎಲ್ಲ ನೇಕಾರರದು. ಹಾಗಾದರೆ ಚಿಲ್ಡ್ರನ್ ಪದಕ್ಕೆ ಯಾಕೆ ಸಾರ್ ಮೊದಲೇ ಹಾಕುತ್ತೀರಿ ಎಂದು ಪ್ರತಿ ವರ್ಷ ಒಬ್ಬರಾದರೂ ಕೇಳುತ್ತಿದ್ದರು. ಆ ಪದ ಎಸ್ ಇಲ್ಲದೆಯೇ ಬಹುವಚನ ಆಗಿಬಿಟ್ಟಿದೆ, ಅದಕ್ಕೆ ಎಂದು ಪ್ರತಿ ವರ್ಷವೂ ಹೇಳುತ್ತಿದ್ದರು. ಆಮೇಲೆ ಅವರಿಗೆ ಪ್ರಿಯವಾದ ಮಾತು ಬರುತ್ತಿತ್ತು: ಗರ್ಲ್ಸ್ ಸ್ಕೂಲ್ ಎಂದರೆ ಹುಡುಗಿಯರು ಕೊಂಡ ಶಾಲೆ ಅಲ್ಲ, ಹುಡುಗಿಯರಿಗಾಗಿ ಇರುವ ಶಾಲೆ. ಬಹುವಚನದ ಮೇಲ್ಕಾಮ ಎಲ್ಲ ಕಡೆ ಒಡೆತನ ಹೇಳುವುದಿಲ್ಲ, ಕೆಲವು ಕಡೆ ಬರೀ ಯಾವ ಬಗೆಯದು ಎಂದು ಹೇಳುತ್ತದೆ.

ಕಾಗದ ಬಂದ ದಿನ ಈ ನಿಯಮ ಅವರಿಗೆ ಹೊಸ ಬೆಳಕಿನಲ್ಲಿ ಕಂಡಿತು. ನೇಕಾರರ ಕಟ್ಟಡ ಎಂದ ಮಾತ್ರಕ್ಕೆ ನೇಕಾರರೇ ಒಡೆಯರು ಎಂದೇನೂ ಇಲ್ಲವಲ್ಲ. ಅಷ್ಟು ಸಮಾಧಾನ ಸಿಕ್ಕ ಮೇಲೆ ಉಳಿದ ಕೆಲಸ ಸುಲಭವಾಯಿತು.

ದೇವೀರಮ್ಮನ ಗಂಡ ದೇವಣ್ಣ ಸಾಯುವವರೆಗೂ ಸಂಘದ ಕಾರ್ಯದರ್ಶಿ. ನಲವತ್ತು ದಾಟಿದ ಮೇಲೆ ಶಿವಯ್ಯನವರ ಸಂಜೆ ಕ್ಲಾಸಿಗೆ ಸೇರಿ ಇಂಗ್ಲಿಷ್ ಕಲಿತವನು. ಕಲಿತದ್ದು ತುಕ್ಕು ಹಿಡಿಯಬಾರದೆಂದು ಸಭೆಯ ನಡವಳಿ ಪುಸ್ತಕವನ್ನೂ ಇಂಗ್ಲಿಷಿನಲ್ಲೇ ಬರೆಯುತ್ತಿದ್ದ. ಸಭೆ ಕನ್ನಡದಲ್ಲಿ ನಡೆಯುತ್ತಿತ್ತು, ಪುಸ್ತಕ ಇಂಗ್ಲಿಷಿನಲ್ಲಿ ತುಂಬುತ್ತಿತ್ತು, ಓದುವವರು ಯಾರೂ ಇರಲಿಲ್ಲ. ಸದಸ್ಯರು ಸಹಿ ಮಾಡುತ್ತಿದ್ದ ಹಾಜರಿ ಪುಸ್ತಕವನ್ನು ಗೆದ್ದಲು ಎಂದೋ ಮುಗಿಸಿತ್ತು. ನಡವಳಿ ಪುಸ್ತಕ ಮಾತ್ರ ಮೇಷ್ಟ್ರ ಕೋಣೆಯ ಬೀರುವಿನಲ್ಲಿ, ಸೀಮೆಸುಣ್ಣದ ಡಬ್ಬದ ಪಕ್ಕದಲ್ಲಿ, ಕ್ಷೇಮವಾಗಿತ್ತು. ದೇವಣ್ಣನ ನೀಲಿ ಶಾಯಿಯ ಬಾಟಲಿಯೂ ಅಲ್ಲೇ ಇತ್ತು, ಅವನ ಪೆನ್ನೂ ಇತ್ತು.

ಎರಡು ಸಾವಿರದ ಹದಿನೆಂಟರ ಆಗಸ್ಟ್ ಹನ್ನೊಂದರ ಸಭೆಗೂ ಸೆಪ್ಟೆಂಬರ್ ಒಂಬತ್ತರ ಸಭೆಗೂ ನಡುವೆ ಒಂದು ಇಡೀ ಪುಟ ಖಾಲಿ ಬಿದ್ದಿತ್ತು. ಮೇಷ್ಟ್ರ ಲೆಕ್ಕದಲ್ಲಿ ಅದರಲ್ಲಿ ಒಂದು ವಿಶೇಷ ಸಭೆ ನಡೆಯಬೇಕಿತ್ತು. ನೇಕಾರರ ಮಕ್ಕಳಿಗೆ ಮಾಡಿದ ಉಪಕಾರ ನೆನೆದು, ಹಿಂದಿನ ಕೋಣೆಯನ್ನು ಶಿವಯ್ಯ ಮೇಷ್ಟ್ರಿಗೆ ಅವರ ಜೀವಮಾನ ಪೂರ್ತಿ ಬಿಟ್ಟುಕೊಡಲಾಗಿದೆ ಎಂದು ಸಭೆ ಒಮ್ಮತದಿಂದ ತೀರ್ಮಾನಿಸಬೇಕಿತ್ತು.

ದೇವಣ್ಣನ ಅಕ್ಷರ ಅವರಿಗೆ ಬಾಯಿಪಾಠ, ಹನ್ನೊಂದು ನೋಟ್‌ಬುಕ್ ತಿದ್ದಿದ್ದರು. ಕಷ್ಟವಾದದ್ದು ಅವನ ತಪ್ಪುಗಳು. ದೇವಣ್ಣ ಜನ್ಮದಲ್ಲಿ ಒಂದು ಸಲವೂ ಬಹುವಚನದ ಮೇಲ್ಕಾಮವನ್ನು ಸರಿಯಾದ ಜಾಗದಲ್ಲಿ ಇಟ್ಟವನಲ್ಲ. ಸರಿಯಾಗಿ ಇಟ್ಟರೆ ಕಳ್ಳತನ ಬಯಲಾಗುತ್ತದೆ. ಮೇಷ್ಟ್ರು ಹಳೆಯ ಕಾಗದದ ಮೇಲೆ ಅಭ್ಯಾಸಕ್ಕೆ ಕೂತರು. ಮೊದಲ ಸಲ ಕೈ ತಾನಾಗಿ ಸರಿಯಾದದ್ದನ್ನೇ ಬರೆಯಿತು, ಹರಿದು ಹಾಕಿದರು. ಎರಡನೆಯ ಸಲವೂ ಹಾಗೇ ಆಯಿತು. ಮೂರನೆಯ ಸಲ ಹಲ್ಲು ಕಚ್ಚಿಕೊಂಡು ನೇಕಾರರನ್ನೆಲ್ಲ ಒಬ್ಬನನ್ನಾಗಿ ಮಾಡಿದರು, ಚಿಲ್ಡ್ರನ್‌ಗೆ ಎಸ್ ಸೇರಿಸಿ ಅದಾದ ಮೇಲೆ ಮೇಲ್ಕಾಮ ತಗುಲಿಸಿದರು. ಮೂವತ್ತನಾಲ್ಕು ವರ್ಷದ ಮೇಷ್ಟ್ರಗಿರಿಯಲ್ಲಿ ಅವರು ಮಾಡಿದ ಮೊದಲ ಪಾಪ ಅದು ಎಂದು ಅವರಿಗೆ ಅನ್ನಿಸಿತು. ಕೋಣೆಯ ವಿಷಯ ಆ ಲೆಕ್ಕಕ್ಕೆ ಬರಲಿಲ್ಲ.

ಇನ್ನು ದಿನ ಗೊತ್ತು ಮಾಡಬೇಕಿತ್ತು. ಪುಸ್ತಕ ತಿರುವಿ ನೋಡಿದರು. ಒಂದು ಸಭೆ ಶನಿವಾರ, ಇನ್ನೊಂದು ಭಾನುವಾರ, ಮತ್ತೊಂದು ಬುಧವಾರ. ತಿಂಗಳಿಗೊಮ್ಮೆ ಸೇರುತ್ತಿದ್ದರು ಎಂಬುದನ್ನು ಬಿಟ್ಟರೆ ಯಾವ ಕ್ರಮವೂ ಕಾಣಲಿಲ್ಲ. ಈ ಜನರ ಸಭೆಗಳೂ ಇವರ ಮೇಲ್ಕಾಮಗಳ ಹಾಗೆಯೇ ಸಿಕ್ಕಿದಲ್ಲಿ ಬೀಳುತ್ತವೆ ಎಂದುಕೊಂಡರು. ಆದರೆ ಅವರು ಸ್ವತಃ ಕ್ರಮವಂತರು. ಆ ವರ್ಷದ ಪಂಚಾಂಗ ಹುಡುಕಿ ತೆಗೆದು, ಶ್ರಾವಣ ಶುಕ್ಲ ದ್ವಾದಶಿ, ಗುರುವಾರ, ಆಗಸ್ಟ್ ಇಪ್ಪತ್ತಮೂರು ಎಂದು ಆರಿಸಿದರು. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ. ಕೊಡುಗೆ ಕೊಡುವ ಮನಸ್ಸು ಬರಬೇಕಾದ್ದು ಅಂಥ ದಿನವೇ.

ಅಮಾವಾಸ್ಯೆಯ ಹತ್ತಿರಕ್ಕಂತೂ ಅವರು ಹೋಗಲಿಲ್ಲ. ಆ ತಿಥಿಯಲ್ಲಿ ಯಾರೂ ಯಾರಿಗೂ ಏನನ್ನೂ ಕೊಡುವುದಿಲ್ಲ ಎಂಬುದು ಅವರ ನಂಬಿಕೆ. ಅದೂ ಅಲ್ಲದೆ ಅಮಾವಾಸ್ಯೆ ಅವರಿಗೆ ಮಾದಪ್ಪನ ದಿನ. ಪ್ರತಿ ತಿಂಗಳೂ ಹಿಂದಿನ ಸಂಜೆಯೇ ಟ್ಯುಟೋರಿಯಲ್‌ಗೆ ಬೀಗ ಹಾಕಿ, ಹನೂರಿನ ಮೇಲೆ ಹೋಗುವ ಬಸ್ಸು ಹತ್ತಿ ಬೆಟ್ಟ ಸೇರಿ, ದರ್ಶನ ಮುಗಿಸಿ ಪಾಡ್ಯದ ದಿನ ಮರಳುತ್ತಿದ್ದರು. ಇಪ್ಪತ್ತೆರಡು ವರ್ಷದಲ್ಲಿ ಒಂದು ಅಮಾವಾಸ್ಯೆಯನ್ನೂ ತಪ್ಪಿಸಿರಲಿಲ್ಲ. ಈ ಸಲವೂ ಹೋಗಿ ಕೈಮುಗಿದು, ಕೆಲಸ ಸುಸೂತ್ರವಾಗಲಿ ಎಂದು ಕೇಳಿಕೊಂಡು ಬಂದಿದ್ದರು. ಯಾವ ಕೆಲಸ ಎಂದು ಬಿಡಿಸಿ ಹೇಳಿರಲಿಲ್ಲ.

ಪುಟ ಬರೆದು, ಶಾಯಿ ಹಳತಾಗಿ ಕಾಣಲಿ ಎಂದು ಮೂರು ಮಧ್ಯಾಹ್ನ ಬಿಸಿಲಿಗಿಟ್ಟರು. ಆಮೇಲೆ ದೇವೀರಮ್ಮನಿಗೆ ಹೇಳಿ ಕಳಿಸಿದರು: ಬೀರು ಖಾಲಿ ಮಾಡುವಾಗ ದೇವಣ್ಣ ಬರೆದಿಟ್ಟದ್ದು ಏನೋ ಸಿಕ್ಕಿದೆ, ಇಂಗ್ಲಿಷ್ ಬಲ್ಲವರನ್ನು ಕರೆದುಕೊಂಡು ಬನ್ನಿ. ತಾವೇ ಓದಿ ಹೇಳಿದರೆ ಅನುಮಾನ ಬಂದೀತು ಎಂಬ ಮುಂದಾಲೋಚನೆ. ಅವಳು ಮೊಮ್ಮಗಳು ಸ್ಪಂದನಳನ್ನು ಕರೆತಂದಳು. ಕಾಲೇಜಿನಲ್ಲಿ ಓದುವ ಹುಡುಗಿ, ಮೇಷ್ಟ್ರ ಕೈಯಲ್ಲೇ ತಯಾರಾದವಳು. ಇದಕ್ಕಿಂತ ಒಳ್ಳೆಯ ಪರೀಕ್ಷಕಿ ಇಡೀ ತಾಲ್ಲೂಕಿನಲ್ಲಿ ಇರಲಿಲ್ಲ.

ನಾಲ್ಕು ಗಂಟೆಯ ಬಿಸಿಲು ಬಾಗಿಲಲ್ಲಿತ್ತು, ಮೂರು ಕಡೆಯಿಂದಲೂ ಮಗ್ಗದ ಸದ್ದು ಬರುತ್ತಿತ್ತು. ಸ್ಪಂದನ ಓದಿ ಒಂದೊಂದೇ ವಾಕ್ಯವನ್ನು ಕನ್ನಡದಲ್ಲಿ ಹೇಳಿದಳು. ನಡುವೆ ನಕ್ಕಳು.

"ತಾತಂದೇ ಕಣಜ್ಜಿ. ಮೇಲ್ಕಾಮ ಎಲ್ಲಾನೂ ತಪ್ಪು ಜಾಗದಲ್ಲೇ ಮಡಗವ್ರೆ."

ಮೇಷ್ಟ್ರು ಕಿಟಕಿಯ ಕಡೆ ನೋಡಿದರು. ತಮ್ಮ ಜೀವನದ ಅತ್ಯುತ್ತಮ ಕೃತಿಯನ್ನು ಯಾರ ಮುಂದೆಯೂ ಒಪ್ಪಿಕೊಳ್ಳುವ ಹಾಗಿಲ್ಲವಲ್ಲ ಎಂದು ಸಣ್ಣ ಸಂಕಟವಾಯಿತು.

ದೇವೀರಮ್ಮ ಪುಟದ ಮೇಲೆ ಬೆರಳಾಡಿಸಿದಳು. ಕಣ್ಣು ಒದ್ದೆಯಾಗಿತ್ತು. ಗಂಡ ಮಾತು ಕೊಟ್ಟಿದ್ದರೆ ತಾನು ಅದನ್ನು ಮುರಿಯುವವಳಲ್ಲ, ಹೆಣ್ಣುಮಕ್ಕಳಿಗೆ ಬೇರೆ ಜಾಗ ನೋಡೋಣ ಎಂದಳು. ಆ ಮುಖ ನೋಡಿ ಶಿವಯ್ಯನವರಿಗೆ ನಾಚಿಕೆಯಾಯಿತು, ನಿಜವಾಗಿಯೂ ಆಯಿತು. ಕೋಣೆ ಉಳಿದ ಸಂತೋಷ ಅದಕ್ಕಿಂತ ದೊಡ್ಡದಿತ್ತು.

"ಯಾವತ್ತು ಬರ್ದವ್ರೆ ಮೊಗ ಇದ?" ಎಂದು ದೇವೀರಮ್ಮ ಕೇಳಿದಳು. ಅನುಮಾನದಿಂದಲ್ಲ. ಸತ್ತ ಗಂಡ ಅವತ್ತು ಏನು ಉಂಡಿದ್ದ, ಯಾವ ಅಂಗಿ ತೊಟ್ಟಿದ್ದ ಎಂದು ನೆನೆಸಿಕೊಳ್ಳುವ ಆಸೆ ಅವಳಿಗೆ. ಸ್ಪಂದನ ತಾರೀಖು ಹೇಳಿದಳು. ಮುದುಕಿಗೆ ತಾರೀಖಿನಿಂದ ಏನು ತಿಳಿದೀತು ಎಂದು ಮೇಷ್ಟ್ರು ತಾವೇ ಮುಂದೆ ಬಂದು ನೆರವಾದರು. "ಶ್ರಾವಣ ಶುಕ್ಲ ದ್ವಾದಶಿ ದೇವೀರಮ್ಮ. ಮಾರನೇ ದಿನ ವರಮಹಾಲಕ್ಷ್ಮಿ. ಒಳ್ಳೇ ದಿನಾನೇ ನೋಡಿ ಮಾಡವ್ನೆ, ಅಮಾವಾಸ್ಯೆ ಗಿಮಾವಾಸ್ಯೆ ಅಲ್ಲ."

ದೇವೀರಮ್ಮನ ಬೆರಳು ಪುಟದ ಮೇಲೆ ನಿಂತಿತು. ಅವಳು ದನಿ ಏರಿಸಲಿಲ್ಲ. "ನಮ್ಮೋರು ಮಗ್ಗ ನಿಲ್ಸಾದೆ ಅಮಾಸೆ ಒಂದಿನ ಕಣಿ ಮೇಷ್ಟ್ರೆ. ನಮ್ಮತ್ತೆ ಕಾಲ್ದಿಂದ್ಲೂ ಸಭೆ ಕೂಡಾದು ಅವತ್ತೇಯ. ಬ್ಯಾರೆ ದಿನ ಕರುದ್ರೆ ಮಗ್ಗದ ಮ್ಯಾಲಿನ ಹಾಸು ಬುಟ್ಟು ಯಾರ್ ಎದ್ದು ಬಂದಾರು?" ಎಂದಳು. ಸ್ಪಂದನ ಪುಸ್ತಕ ಎಳೆದುಕೊಂಡು ಫೋನಿನಲ್ಲಿ ತಿಥಿ ನೋಡುತ್ತ ಒಂದೊಂದೇ ಪುಟ ಹಿಂದಕ್ಕೆ ತಿರುವತೊಡಗಿದಳು. ಸೆಪ್ಟೆಂಬರ್ ಒಂಬತ್ತು ಅಮಾವಾಸ್ಯೆ, ಆಗಸ್ಟ್ ಹನ್ನೊಂದು ಅಮಾವಾಸ್ಯೆ, ಅದರ ಹಿಂದಿನದೂ ಅಮಾವಾಸ್ಯೆ. ಮಗ್ಗಗಳು ಸುಮ್ಮನಿದ್ದು, ಬೀದಿಯ ಜನರೆಲ್ಲ ಈ ಕಟ್ಟಡದಲ್ಲಿ ಕೂತು ಮಾತಾಡಿದ ಆ ಒಂದೊಂದು ದಿನವೂ ಶಿವಯ್ಯ ಮೇಷ್ಟ್ರು ಬೆಟ್ಟದ ಮೇಲೆ, ಮಾದಪ್ಪನ ಮುಂದೆ ಕೈಮುಗಿದು ಸಾಲಿನಲ್ಲಿ ನಿಂತಿದ್ದರು.